ಚೆಂಡು ಹೆಕ್ಕುವ ಹುಡುಗನಿಗೂ ಒಂದು ಸ್ಟಿಕ್ ಕೊಡಿ

ಮಾನ್ಯ ಸಂಪಾದಕರೇ,

ನನ್ನ ಅಣ್ಣನ ಮಗನಿಗೆ ಈಗ 22 ವರ್ಷ. ಡೌನ್ ಸಿಂಡ್ರೋಮ್ ಇದೆ. ಸಂಜೆ ಹುಡುಗರು ನಮ್ಮ ಕಾಫಿ ಕಣದಲ್ಲಿ ಹಾಕಿ ಆಡುವಾಗ ಇವನು ಗೋಲಿನ ಹಿಂದೆ ನಿಲ್ಲುತ್ತಾನೆ. ಚೆಂಡು ತೋಟಕ್ಕೆ ಉರುಳಿದರೆ ಓಡಿ ಹೋಗಿ ಹೆಕ್ಕಿ ತರುತ್ತಾನೆ. ತಂದವನು ಸುಮ್ನೆ ಕೊಡುವುದಿಲ್ಲ. ಅಂಗಿಗೆ ಒರೆಸಿ, ಕಾಲ ಹತ್ತಿರ ಇಟ್ಟು, ಕೈಯಲ್ಲಿ ಸ್ಟಿಕ್ ಇದ್ದ ಹಾಗೆ ಒಮ್ಮೆ ಬೀಸಿ, ಆಮೇಲೆ ಎಸೆಯುತ್ತಾನೆ. ಇಷ್ಟು ವರ್ಷ ಅವನಿಗೆ ಯಾರೂ ಸ್ಟಿಕ್ ಕೊಟ್ಟಿರಲಿಲ್ಲ. ಪೆಟ್ಟಾದೀತು ಅಂತ ನಾನೂ ಕೊಟ್ಟಿರಲಿಲ್ಲ. ಕಳೆದ ತಿಂಗಳು ಒಂದು ಹಳೇದನ್ನು ಕೊಟ್ಟೆ. ಮೊದಲ ಹೊಡೆತಕ್ಕೇ ಚೆಂಡು ಗೋಡೌನಿನ ತಗಡಿಗೆ ಬಡಿಯಿತು.

ಕೊಡವ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಒಕ್ಕಗಳು, ಅಂದರೆ ಮನೆತನಗಳು, ಆಡಿದವು. ಅಷ್ಟು ಮನೆಗಳಲ್ಲಿ ಇವನಂಥವರು ಇಲ್ಲದೆ ಇರುತ್ತಾರಾ? ಇದ್ದಾರೆ, ಗ್ಯಾಲರಿಯಲ್ಲಿ.

ಡಿಸೆಂಬರ್ 3ರಂದು, ಅಂಗವಿಕಲರ ದಿನ, ಇವರಿಗೂ ಆಟ ಇರುತ್ತದೆ ಅನ್ನಿ. ಬಕೆಟಿಗೆ ಚೆಂಡು ಹಾಕಿಸಿ, ಒಂದೊಂದು ಸ್ಟೀಲ್ ಲೋಟ ಕೊಟ್ಟು, ಫೋಟೊ ತೆಗೆದು ಕಳಿಸುತ್ತಾರೆ. ಅಭ್ಯಾಸವೇ ಇಲ್ಲದ ಸ್ಪರ್ಧೆ ಅದು.

ಸ್ಪೆಷಲ್ ಒಲಿಂಪಿಕ್ಸ್ ಇರುವುದು ಇವರಿಗಾಗಿಯೇ, ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ. ಪ್ಯಾರಾಲಿಂಪಿಕ್ಸ್ ಬೇರೆ, ಇದು ಬೇರೆ. 1968ರಲ್ಲಿ ಶಿಕಾಗೊದಲ್ಲಿ ಶುರುವಾದದ್ದು. ಅಲ್ಲಿ ಮೊದಲು ಆಡಿಸಿ ನೋಡಿ, ಹೆಚ್ಚು ಕಡಿಮೆ ಒಂದೇ ಸಾಮರ್ಥ್ಯ ಇರುವವರನ್ನು ಒಂದು ಗುಂಪು ಮಾಡುತ್ತಾರೆ. ಹಾಗಾಗಿ ನಿಧಾನಕ್ಕೆ ಓಡುವವನಿಗೂ ನಿಜವಾದ ಪೈಪೋಟಿ ಸಿಗುತ್ತದೆ. 2023ರಲ್ಲಿ ಬರ್ಲಿನ್‌ನಿಂದ ನಮ್ಮ ದೇಶದವರು 202 ಪದಕ ತಂದರು. ಸ್ಪೆಷಲ್ ಒಲಿಂಪಿಕ್ಸಿನಲ್ಲಿ ಯೂನಿಫೈಡ್ ಅಂತ ಒಂದು ವಿಭಾಗವೂ ಇದೆ, ಇಂಥವರೂ ಉಳಿದವರೂ ಒಂದೇ ತಂಡದಲ್ಲಿ ಆಡುವುದು. ಅಣ್ಣ ತಮ್ಮ, ಭಾವ ಮೈದುನ, ಅತ್ತಿಗೆ ನಾದಿನಿ ಒಂದೇ ಜರ್ಸಿ ಹಾಕಿ ಆಡುವ ನಮ್ಮ ಊರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಫ್ಲೋರ್‌ಬಾಲ್ ಕೂಡ ಆಡಿಸಬಹುದು. ಒಳಾಂಗಣದ ಹಾಕಿ ಇದ್ದ ಹಾಗೆ. ಸ್ಟಿಕ್ ಹಗುರ, ತೂತಿರುವ ಪ್ಲಾಸ್ಟಿಕ್ ಚೆಂಡು. ಪೆಟ್ಟಿನ ಭಯ ಕಡಿಮೆ, ಮಳೆಗಾಲದಲ್ಲೂ ಶಾಲೆಯ ಹಾಲ್ ಸಾಕು. ನಮ್ಮಲ್ಲಿ ಮಳೆಗಾಲ ಎಷ್ಟು ತಿಂಗಳು ಅಂತ ಗೊತ್ತಲ್ಲ!

ಕ್ರೀಡೆಯಲ್ಲಿ ಅಂಗವಿಕಲರಿಗೆ ಅವಕಾಶ ಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ನಾವು ದೊಡ್ಡದೇನೂ ಕೇಳುತ್ತಿಲ್ಲ. ತಾಲ್ಲೂಕಿಗೆ ಒಬ್ಬ ಪಿ.ಇ. ಮೇಷ್ಟ್ರಿಗಾದರೂ ಇದರ ತರಬೇತಿ ಕೊಡಿಸಿ. ವಾರಕ್ಕೆ ಎರಡು ಗಂಟೆ ಮೈದಾನ ಬಿಟ್ಟುಕೊಡಿ. ಮುಂದಿನ ಕೌಟುಂಬಿಕ ಹಾಕಿಯ ಫೈನಲ್ ದಿನ ಇವರ ಒಂದು ಯೂನಿಫೈಡ್ ಪಂದ್ಯ ಇಡಿ. ಊಟದ ಹೊತ್ತಿನಲ್ಲಿ ಬೇಡ, ಜನ ಇರುವಾಗ.

ಶನಿವಾರ ಮಧ್ಯಾಹ್ನ ಆದರೂ ಸರಿ, ಭಾನುವಾರ ಬೆಳಗ್ಗೆ ಆದರೂ ಸರಿ, ಕರೆದುಕೊಂಡು ಬರಲು ನಾವು ರೆಡಿ.

– ಓದುಗ, ವಿರಾಜಪೇಟೆ ತಾಲ್ಲೂಕು