ಟೈಮ್‌ಶೇರ್ ರೆಸಾರ್ಟ್: ಮೊದಲು ದಿಕ್ಕು, ಆಮೇಲೆ ಈಜುಕೊಳ

ಮಾನ್ಯ ಸಂಪಾದಕರೇ,

ಉಷ್ಣವಲಯದ ದ್ವೀಪಗಳ ಕಡಲತೀರದ ಟೈಮ್‌ಶೇರ್ ರೆಸಾರ್ಟ್‌ಗಳನ್ನು (ಒಂದೇ ಮನೆಯನ್ನು ವಾರಗಳ ಲೆಕ್ಕದಲ್ಲಿ ಹಲವರಿಗೆ ಮಾರುವ ರೆಸಾರ್ಟ್‌ಗಳು) ಹೋಲಿಸುವ ಪ್ರವಾಸ ಲೇಖನಗಳು ಬಹುಪಾಲು ಈಜುಕೊಳ ಎಷ್ಟು, ರೆಸ್ಟೋರೆಂಟ್ ಎಷ್ಟು, ನಕ್ಷತ್ರ ಎಷ್ಟು ಎಂಬಲ್ಲಿಗೇ ನಿಂತುಬಿಡುತ್ತವೆ. ಹೋಟೆಲ್‌ಗಾದರೆ ಅಷ್ಟು ಸಾಕು. ಹಿಡಿಸದಿದ್ದರೆ ಎರಡನೇ ದಿನವೇ ಗಂಟು ಕಟ್ಟಬಹುದು. ಟೈಮ್‌ಶೇರ್ ಹಾಗಲ್ಲ, ಏಳು ರಾತ್ರಿ ಒಂದೇ ಮನೆಗೆ ಕಟ್ಟುಬಿದ್ದ ಹಾಗೆ. ಆದ್ದರಿಂದ ದ್ವೀಪದ ಯಾವ ಮಗ್ಗುಲು, ವರ್ಷದ ಯಾವ ವಾರ, ಕಾಗದದಲ್ಲಿ ನಮೂದಾಗಿರುವ ಯೂನಿಟ್ (ಅಂದರೆ ಮನೆ) ಯಾವುದು ಎಂಬ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು. ರೆಸಾರ್ಟಿನ ಹೆಸರು ನಾಲ್ಕನೆಯ ಮಾತು.

ಮಗ್ಗುಲಿನ ಮಾತಿಗೆ ಹವಾಯಿಯ ಕವಾಯಿ ದ್ವೀಪ ಒಳ್ಳೆಯ ಉದಾಹರಣೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ನಡುವಿನ ಬೆಟ್ಟಕ್ಕೆ ತಾಗಿ ಮಳೆ ಸುರಿಸುತ್ತವೆ. ಭೂಮಿಯ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದಾದ ವೈಯಲೇಯಲೇ ಶಿಖರ ಇರುವುದು ಅಲ್ಲಿಯೇ. ಉತ್ತರ ತೀರದ ಪ್ರಿನ್ಸ್‌ವಿಲ್ ಹಸಿರೋ ಹಸಿರು, ಆದರೆ ಮಳೆಯೂ ಹೆಚ್ಚು. ಸುಮಾರು ಒಂದು ಗಂಟೆ ಕಾರಿನ ದಾರಿಯಲ್ಲಿರುವ ದಕ್ಷಿಣದ ಪೊಯ್‌ಪೂ ಒಣಹವೆಯ ಜಾಗ. ಎರಡೂ ಕಡೆ ಟೈಮ್‌ಶೇರ್‌ಗಳಿವೆ, ಎರಡರ ಜಾಹೀರಾತಿನಲ್ಲೂ ಅದೇ ನೀಲಿ ನೀರು. ನವೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತರ ಪೆಸಿಫಿಕ್‌ನ ಚಳಿಗಾಲದ ಬಿರುಗಾಳಿಗಳು ಎಬ್ಬಿಸುವ ಅಲೆಗಳು ಉತ್ತರ ತೀರಕ್ಕೆ ಬಡಿಯುವುದರಿಂದ ಅಲ್ಲಿ ಎಷ್ಟೋ ದಿನ ನೀರಿಗಿಳಿಯುವಂತೆಯೇ ಇರುವುದಿಲ್ಲ. ಬೇಸಿಗೆಯಲ್ಲಿ ಅದೇ ಕಡಲು ಶಾಂತ. ಆಗ ದಕ್ಷಿಣ ತೀರದಲ್ಲಿ ಅಲೆಗಳು ಕೊಂಚ ಏಳುತ್ತವೆ, ಆದರೆ ಚಳಿಗಾಲದ ಉತ್ತರದಷ್ಟು ಅಲ್ಲ. ಇನ್ನೂ ಒಂದು ವಿಚಾರವನ್ನು ಫೋಟೋಗಳು ಹೇಳುವುದಿಲ್ಲ: ಪ್ರಿನ್ಸ್‌ವಿಲ್ ಇರುವುದು ಕಡಿದಾದ ದಿಬ್ಬದ ಮೇಲೆ. ಬಾಲ್ಕನಿಯಿಂದ ಸಮುದ್ರ ಕಾಣುತ್ತದೆ ನಿಜ. ಮರಳು ಮುಟ್ಟಬೇಕೆಂದರೆ ಕಡಿದಾದ ಕಾಲುದಾರಿಯಲ್ಲಿ ಇಳಿಯಬೇಕು, ಮಳೆ ಬಂದರೆ ಆ ದಾರಿ ಜಾರುತ್ತದೆ. ಮಂಡಿನೋವಿನವರೋ ಚಿಕ್ಕ ಮಕ್ಕಳೋ ಜೊತೆಗಿದ್ದರೆ ಎಂಥ ಐದು ನಕ್ಷತ್ರವೂ ಇದನ್ನು ಸರಿದೂಗಿಸದು.

ಥಾಯ್ಲೆಂಡಿನಲ್ಲಿ ಲೆಕ್ಕ ಬೇರೆ. ಫುಕೆಟ್‌ನ ಪಶ್ಚಿಮ ತೀರದಲ್ಲಿ, ಅಂದರೆ ಪಟಾಂಗ್, ಕರೋನ್, ಕಾಟಾಗಳಲ್ಲಿ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾರುತದ ಅಲೆ ಮತ್ತು ಒಳಸೆಳೆತ. ಕೆಂಪು ಬಾವುಟ ಹಾರುವ ದಿನಗಳು ಹೆಚ್ಚು. ಪೂರ್ವದ ಕೊಲ್ಲಿಯಲ್ಲಿರುವ ಸಮುಯಿ ದ್ವೀಪಕ್ಕೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ ನಡುವೆ. ಜುಲೈನಲ್ಲಿ ರಜೆ ಇರುವವರು ಫುಕೆಟ್‌ನ ಅಗ್ಗದ ವಾರಕ್ಕೆ ಮರುಳಾಗುವ ಬದಲು ಸಮುಯಿ ಕಡೆ ನೋಡುವುದು ಜಾಣತನ. ನವೆಂಬರ್ ಕೊನೆಯಾದರೆ ಲೆಕ್ಕ ತಿರುವುಮುರುವು.

ಕೆರಿಬಿಯನ್ ದ್ವೀಪಗಳಿಗೆ ಎರಡು ತೊಡಕು. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ, ಅದರ ತುದಿ ಸೆಪ್ಟೆಂಬರ್‌ನ ಎರಡನೇ ವಾರದ ಆಸುಪಾಸು. ಆರೂಬಾ, ಬೊನೇರ್, ಕ್ಯುರಸಾವ್ ಮೂರೂ ತೀರಾ ದಕ್ಷಿಣಕ್ಕಿರುವುದರಿಂದ ಚಂಡಮಾರುತಗಳ ಸಾಮಾನ್ಯ ದಾರಿಯಿಂದ ಹೊರಗುಳಿಯುತ್ತವೆ, ಅಪರೂಪಕ್ಕೆ ಅಂಚು ತಾಗಿದ್ದುಂಟು. ಇನ್ನೊಂದು ಸಾರ್ಗಾಸಮ್ ಎಂಬ ತೇಲುಪಾಚಿ. 2011ರಿಂದೀಚೆಗೆ ಇದು ರಾಶಿರಾಶಿಯಾಗಿ ದಡಕ್ಕೆ ಬರುತ್ತಿದೆ. ವಸಂತದಲ್ಲಿ ಶುರುವಾಗಿ ಬೇಸಿಗೆಯಿಡೀ ಕಾಡುತ್ತದೆ. ದಡದಲ್ಲಿ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹೊರಬಿದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಉಸಿರಾಟದ ತೊಂದರೆ ಇರುವವರಿಗೆ ಅದು ಬರೀ ವಾಸನೆಯಾಗಿ ಉಳಿಯುವುದಿಲ್ಲ. ಗಾಳಿಗೆ ಎದುರಾಗಿರುವ ಪೂರ್ವ ತೀರಕ್ಕೆ ಇದು ಹೆಚ್ಚು, ಪಶ್ಚಿಮಕ್ಕೆ ಕಡಿಮೆ. ಆರೂಬಾದ ಪಾಮ್ ಬೀಚ್, ಈಗಲ್ ಬೀಚ್ ಎರಡೂ ಪಶ್ಚಿಮದಲ್ಲಿವೆ. ಆದರೆ ಅಲ್ಲಿ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ: ನೀರು ಕೊಳದಂತೆ ಕಂಡರೂ ಗಾಳಿ ತುಂಬಿದ ತೆಪ್ಪ, ಹಾಸಿಗೆಗಳ ಮೇಲೆ ಕೂತ ಮಕ್ಕಳು ನೋಡನೋಡುತ್ತಿದ್ದಂತೆ ದೂರ ತೇಲಿಹೋಗಬಹುದು. ಇಂಥವನ್ನು ಹಗ್ಗ ಕಟ್ಟದೆ ನೀರಿಗೆ ಬಿಡಲೇಬಾರದು.

ಇನ್ನು ವಾರ. ಟೈಮ್‌ಶೇರ್ ಲೋಕ ವರ್ಷವನ್ನು 1ರಿಂದ 52ರವರೆಗೆ ಎಣಿಸುತ್ತದೆ. ಪ್ರತಿ ವರ್ಷ ಅದೇ ಸಂಖ್ಯೆಯ ನಿಗದಿತ ವಾರ, ವರ್ಷವರ್ಷ ಆರಿಸಿಕೊಳ್ಳುವ ಬದಲಾಗುವ ವಾರ, ವಾರದ ಬದಲು ಅಂಕಗಳನ್ನು ಕೊಂಡು ಬಳಸುವ ಪಾಯಿಂಟ್ಸ್ ಎಂದು ಮೂರು ಬಗೆ. ನಿಗದಿತ ವಾರ ಕೊಂಡವರು ಅದು ಯಾವತ್ತೂ ಒಂದೇ ಹಬ್ಬಕ್ಕೆ ಬೀಳುತ್ತದೆಂದು ನಂಬುವುದುಂಟು. ವರ್ಷದ ಮೊದಲ ಶನಿವಾರದಿಂದ ಎಣಿಸುವ ಕ್ಯಾಲೆಂಡರ್ ಹಿಡಿದು ನೋಡಿ: 2026ರಲ್ಲಿ 51ನೇ ವಾರ ಡಿಸೆಂಬರ್ 19ಕ್ಕೆ ಶುರು, ಕ್ರಿಸ್ಮಸ್ ಅದರೊಳಗೆ. 2028ರಲ್ಲಿ 51ನೇ ವಾರ ಡಿಸೆಂಬರ್ 16ಕ್ಕೇ ಶುರುವಾಗಿ 23ಕ್ಕೆ ಮುಗಿಯುತ್ತದೆ, ಕ್ರಿಸ್ಮಸ್ 52ಕ್ಕೆ ಜಾರುತ್ತದೆ, ಸಾಲದ್ದಕ್ಕೆ 53ನೇ ವಾರವೊಂದು ಹುಟ್ಟಿಕೊಳ್ಳುತ್ತದೆ. ಎಣಿಕೆ ಶುರುವಾಗುವುದು ಶುಕ್ರವಾರವೋ ಶನಿವಾರವೋ ಭಾನುವಾರವೋ ಎಂಬುದು ರೆಸಾರ್ಟಿನಿಂದ ರೆಸಾರ್ಟಿಗೆ ಬದಲಾಗುತ್ತದೆ. ಆ ರೆಸಾರ್ಟಿನದೇ ಐದು ವರ್ಷದ ಕ್ಯಾಲೆಂಡರ್ ಕೇಳಿ ತೆಗೆದುಕೊಳ್ಳದೆ ವಿಮಾನದ ಟಿಕೆಟ್ ಮುಟ್ಟಬೇಡಿ.

ಹೆಚ್ಚಿನ ಜಗಳ ಹುಟ್ಟುವುದು ಯೂನಿಟ್ ವಿಷಯದಲ್ಲಿ. ದೃಢೀಕರಣ ಪತ್ರದಲ್ಲಿ ‘2 ಬೆಡ್‌ರೂಮ್, 6/4’ ಎಂದಿದ್ದರೆ ಮೊದಲ ಅಂಕಿ ಒಟ್ಟು ಎಷ್ಟು ಮಂದಿ ಮಲಗಬಹುದು ಎಂಬುದು, ಎರಡನೆಯದು ಬಾಗಿಲು ಹಾಕಿಕೊಂಡು ಎಷ್ಟು ಮಂದಿ ಮಲಗಬಹುದು ಎಂಬುದು. ಉಳಿದ ಇಬ್ಬರಿಗೆ ಹಾಲ್‌ನ ಸೋಫಾ ಬೆಡ್ಡೇ ಗತಿ. ಎರಡು ಸಂಸಾರ ಸೇರಿ ಹೋಗುವಾಗ ನೋಡಬೇಕಾದ್ದು ಎರಡನೇ ಅಂಕಿಯನ್ನು. ‘ಲಾಕ್-ಆಫ್’ ಎಂದಿದ್ದರೆ ನಡುವೆ ಬೀಗದ ಬಾಗಿಲಿರುವ ಎರಡು ಭಾಗಗಳು. ನಿಮ್ಮ ಪತ್ರ ಎರಡಕ್ಕೂ ಸಲ್ಲುತ್ತದೋ ಒಂದಕ್ಕೆ ಮಾತ್ರವೋ ಖಾತ್ರಿ ಮಾಡಿಕೊಳ್ಳಿ. ಸಣ್ಣ ಭಾಗದಲ್ಲಿ ಸಾಮಾನ್ಯವಾಗಿ ಪೂರ್ತಿ ಅಡುಗೆಮನೆ ಇರುವುದಿಲ್ಲ, ಮೈಕ್ರೋವೇವ್ ಮತ್ತು ಪುಟ್ಟ ಫ್ರಿಜ್ ಅಷ್ಟೇ. ವಾರವಿಡೀ ಅಲ್ಲೇ ಬೇಯಿಸಿಕೊಂಡು ಖರ್ಚು ಉಳಿಸಬೇಕೆಂದಿದ್ದವರ ಲೆಕ್ಕ ಕೈಕೊಡುವುದು ಇಲ್ಲಿ. ನೋಟದ ಹೆಸರುಗಳಿಗೂ ಎಚ್ಚರ ಬೇಕು: ‘ಓಷನ್ ಫ್ರಂಟ್’ ಎಂದರೆ ಕಡಲಿಗೆ ಮುಖ, ‘ಓಷನ್ ವ್ಯೂ’ ಎಂದರೆ ಮರಗಳಾಚೆ ಎಲ್ಲೋ ಕಡಲು, ‘ಪಾರ್ಷಿಯಲ್ ಓಷನ್ ವ್ಯೂ’ ಎಂದರೆ ಬಾಲ್ಕನಿಯ ಮೂಲೆಯಲ್ಲಿ ನಿಂತು ಕುತ್ತಿಗೆ ಚಾಚಿದಾಗ ಕಾಣುವ ನೀಲಿ ಪಟ್ಟಿ. ರೆಸಾರ್ಟಿನ ನಕ್ಷೆ ತರಿಸಿಕೊಂಡು ಯಾವ ಕಟ್ಟಡ, ಎಷ್ಟನೇ ಮಹಡಿ, ಕೆಳಗೆ ಕಸದ ಲಾರಿ ಬರುವ ದಾರಿ ಇದೆಯೇ ಎಂದು ನೋಡುವುದು ಅತಿಯಾಯಿತು ಅನ್ನಿಸಬಹುದು. ನಸುಕಿಗೇ ಲಾರಿ ಸದ್ದಿಗೆ ಎದ್ದವರಿಗೆ ಹಾಗೆ ಅನ್ನಿಸುವುದಿಲ್ಲ.

ವಿನಿಮಯದಲ್ಲಿ ಹೋಗುವವರಿಗೆ ಇನ್ನೊಂದು ಸೂಕ್ಷ್ಮ. ಆರ್‌ಸಿಐ 1974ರಲ್ಲಿ, ಇಂಟರ್‌ವಲ್ ಇಂಟರ್‌ನ್ಯಾಷನಲ್ 1976ರಲ್ಲಿ ಶುರುವಾದ ದೊಡ್ಡ ವಿನಿಮಯ ಸಂಸ್ಥೆಗಳು. ನಿಮ್ಮ ವಾರವನ್ನು ಅಲ್ಲಿ ಜಮಾ ಮಾಡಿ ಬೇರೊಬ್ಬರ ವಾರ ಪಡೆಯುತ್ತೀರಿ. ತಡವಾಗಿ ಜಮಾ ಮಾಡಿದಷ್ಟೂ ಅದರ ಬೆಲೆ ಕುಗ್ಗುತ್ತದೆ, ಹಾಗಾಗಿ ಒಂಬತ್ತು ತಿಂಗಳಿಗೂ ಮೊದಲೇ ಜಮಾ ಮಾಡುವುದು ಒಳಿತು. ಹಲವು ರೆಸಾರ್ಟ್‌ಗಳು ಒಳ್ಳೆಯ ನೋಟದ ಮನೆಗಳನ್ನು ಮೊದಲು ಮಾಲೀಕರಿಗೆ ಕೊಟ್ಟು, ಮಿಕ್ಕದ್ದನ್ನು ವಿನಿಮಯದವರಿಗೆ ಹಂಚುತ್ತವೆ. ಕೆಲವೆಡೆ ಒಮ್ಮೆ ವಿನಿಮಯದಲ್ಲಿ ಹೋದವರು ನಾಲ್ಕು ವರ್ಷ ಅದೇ ರೆಸಾರ್ಟಿಗೆ ಮತ್ತೆ ವಿನಿಮಯದಲ್ಲಿ ಬರುವಂತಿಲ್ಲ ಎಂಬ ನಿಯಮವೂ ಇದೆ. ಕಡಲು ಕಾಣುವ ಮನೆಯೇ ಬೇಕು ಎನ್ನುವವರು ಮಾಲೀಕರಿಂದ ಆ ವಾರವನ್ನೇ ಬಾಡಿಗೆಗೆ ಪಡೆಯುವುದು ವಾಸಿ. ಆಗ ನಿಮ್ಮ ಹೆಸರಿಗೆ ಅತಿಥಿ ಪತ್ರ (ಮಾಲೀಕರ ಬದಲು ನೀವು ತಂಗಬಹುದೆಂಬ ದಾಖಲೆ) ಆಗಿದೆಯೇ ಎಂದು ನೇರವಾಗಿ ರೆಸಾರ್ಟಿಗೇ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆ ಪೂರ್ತಿ ಹಣ ಕೊಡಿ.

ಖರ್ಚಿನ ವಿಷಯ ಚುಟುಕಾಗಿ. ಆ ವರ್ಷದ ನಿರ್ವಹಣಾ ಶುಲ್ಕ, ವಿನಿಮಯ ಶುಲ್ಕ, ಸ್ಥಳೀಯ ತೆರಿಗೆ (ಹವಾಯಿಯಲ್ಲಿ ಟೈಮ್‌ಶೇರ್ ವಾಸಕ್ಕೂ ವಸತಿ ತೆರಿಗೆ ಉಂಟು), ಪಾರ್ಕಿಂಗ್, ಬಾಡಿಗೆ ಕಾರು, ಕೆಲವು ಕಡೆ ಕಡ್ಡಾಯವಾಗಿರುವ ಊಟದ ಪ್ಯಾಕೇಜ್, ಎಲ್ಲ ಕೂಡಿಸಿ ರಾತ್ರಿಗಳಿಂದ ಭಾಗಿಸಿ. ಬಂದ ಅಂಕಿಯನ್ನು ಅದೇ ತೀರದ ಹೋಟೆಲ್ ದರದ ಪಕ್ಕ ಇಡಿ. ಏಳರ ಬದಲು ಆರರಿಂದ ಭಾಗಿಸಬೇಕಾದ ಸಂದರ್ಭವೂ ಉಂಟು, ಯಾಕೆಂದರೆ ನಡುರಾತ್ರಿ ಬಂದಿಳಿಯುವ ವಿಮಾನ ಒಂದು ರಾತ್ರಿಯನ್ನು ನುಂಗಿಬಿಡುತ್ತದೆ.

ಕೊಳ್ಳುವವರಿಗೆ ವಿಶೇಷ ವಂತಿಗೆಯ, ಅಂದರೆ ದುರಸ್ತಿಗೆಂದು ಮಾಲೀಕರಿಂದ ಹೆಚ್ಚುವರಿಯಾಗಿ ವಸೂಲು ಮಾಡುವ ಹಣದ, ಭಯವೂ ಇದೆ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಸೇಂಟ್ ಮಾರ್ಟಿನ್ ದ್ವೀಪಕ್ಕೆ ಅಪ್ಪಳಿಸಿದ್ದನ್ನು ನೆನೆಯಿರಿ. ಇಂಥ ಹೊಡೆತದ ನಂತರ ವಿಮೆ ಭರಿಸದ ಭಾಗ ಮಾಲೀಕರ ತಲೆಗೇ ಬರುತ್ತದೆ, ಆ ವರ್ಷ ನೀವು ಹೋಗಲಿ ಬಿಡಲಿ. ಮೀಸಲು ನಿಧಿ ಎಷ್ಟಿದೆ, ಕಳೆದ ಐದು ವರ್ಷ ಶುಲ್ಕ ಹೇಗೆ ಏರಿದೆ ಎಂಬ ಲೆಕ್ಕಪತ್ರ ಕೊಡಲು ಹಿಂದೆಗೆಯುವ ರೆಸಾರ್ಟನ್ನು ಅಲ್ಲಿಗೇ ಕೈಬಿಡಿ.

‘ತೊಂಬತ್ತು ನಿಮಿಷ ಮಾತು ಕೇಳಿ, ಉಡುಗೊರೆ ಒಯ್ಯಿರಿ’ ಎಂದು ಕರೆಯುವ ಮಾರಾಟ ಮೇಜಿನಲ್ಲಿ ಸಹಿ ಹಾಕಿಬಿಟ್ಟಿದ್ದರೂ ಎಲ್ಲ ಮುಗಿದಿರುವುದಿಲ್ಲ. ಒಪ್ಪಂದ ರದ್ದು ಮಾಡಲು ಹವಾಯಿಯಲ್ಲಿ 7 ದಿನ, ಫ್ಲೋರಿಡಾದಲ್ಲಿ 10 ದಿನ, ಮೆಕ್ಸಿಕೊದಲ್ಲಿ 5 ಕೆಲಸದ ದಿನ, ಐರೋಪ್ಯ ಒಕ್ಕೂಟದ ದೇಶಗಳಲ್ಲಿ 14 ದಿನ ಅವಕಾಶವಿದೆ. ಒಕ್ಕೂಟದಲ್ಲಂತೂ ಆ ಅವಧಿಯಲ್ಲಿ ಮುಂಗಡ ಪಡೆಯುವುದೇ ನಿಷಿದ್ಧ. ಮಾರಾಟಗಾರನಿಗೆ ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಒಪ್ಪಂದ ಸಂಖ್ಯೆ ಬರೆದು, ಸಹಿ ಮಾಡಿದ ಎಲ್ಲರೂ ಮತ್ತೆ ಸಹಿ ಹಾಕಿ, ಒಪ್ಪಂದದಲ್ಲೇ ಸೂಚಿಸಿರುವ ವಿಳಾಸಕ್ಕೆ ಸೂಚಿಸಿರುವ ಬಗೆಯಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಬೇಕು. ಗಡುವಿನ ಎಣಿಕೆ ಸಹಿಯ ದಿನದಿಂದಲೋ ದಾಖಲೆ ಕೈಸೇರಿದ ದಿನದಿಂದಲೋ ಎಂಬುದೂ ಅದೇ ಕಾಗದದಲ್ಲಿರುತ್ತದೆ. ರಜೆ ಮುಗಿಸಿ ಮನೆಗೆ ಬಂದು ಓದೋಣ ಎಂದುಕೊಂಡರೆ ಹವಾಯಿಯ ಏಳು ದಿನ ಅಲ್ಲೇ ಕಳೆದುಹೋಗಿರುತ್ತದೆ.