ಕಿಟಕಿ ಮುಚ್ಚಿ ವಸಂತ ಬಾಯಿಪಾಠ

ಮಾನ್ಯರೆ,

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. 11 ವರ್ಷವಾಯಿತು. ಅಡುಗೆ ಕೋಣೆಯ ಹಿಂಬಾಗಿಲು ತೆಗೆದರೆ ಎದುರಿಗೇ ಶಾಲೆಯ ಕಾಡು. ಕಾಡು ಅಂದರೆ ಒಂದೂವರೆ ಎಕರೆ, ಅಷ್ಟೇ. ಹೊಂಗೆ, ನೇರಳೆ, ನಂದಿ, ಹಲಸು, ನಡುವೆ ಒಂದು ದೊಡ್ಡ ಬೂರುಗ. ಅಕ್ಕಿ ಆರಿಸುತ್ತ ಕೂತವಳಿಗೆ ನೋಡಲು ಬೇರೇನಿದೆ?

ಪಾಠದಲ್ಲಿ ವಸಂತ ಅಂದರೆ ಚೈತ್ರ, ವೈಶಾಖ. ನಮ್ಮ ಹಿತ್ತಲಿಗೆ ಅದು ಯುಗಾದಿಗೆಲ್ಲ ಕಾಯುವುದಿಲ್ಲ. ಶಿವರಾತ್ರಿ ಹೊತ್ತಿಗೇ ಬೂರುಗ ಒಂದೆಲೆಯೂ ಇಲ್ಲದೆ ಬರೀ ಕೊಂಬೆಯಲ್ಲಿ ಕೆಂಪಗೆ ಹೂ ಬಿಟ್ಟಿರುತ್ತದೆ. ಐದು ಎಸಳು, ಮುಟ್ಟಿದರೆ ಕರುವಿನ ಕಿವಿಯಷ್ಟು ದಪ್ಪ. ಬೆಳಗ್ಗೆ ತಗಡಿನ ಸೂರಿನ ಮೇಲೆ ಧೊಪ್ ಧೊಪ್ ಎಂದು ಬೀಳುತ್ತವೆ. ಹೊಸದಾಗಿ ಬಂದ ಸಹಾಯಕಿ ಮೊದಲ ದಿನ ಮಂಗ ಎಂದುಕೊಂಡು ಸೌಟು ಹಿಡಿದೇ ಹೊರಗೆ ಓಡಿದ್ದಳು. ಮೇಲೆ ನೋಡಿದರೆ ಗೊರವಂಕ, ಕಾಜಾಣ, ಅಳಿಲು, ಎಲ್ಲರದೂ ಜಗಳ. ಆಮೇಲೆ ಹೊಂಗೆ ಹಳೆ ಎಲೆ ಕೆಡವಿ, ಎಣ್ಣೆ ಸವರಿದಂಥ ಎಳೆ ಹಸಿರು ಉಡುತ್ತದೆ. ಕಾಫಿ ಗಿಡ ಹೂ ಬಿಡಿಸುವ ಬೇಸಿಗೆ ಮಳೆ, ನಮ್ಮ ಕಡೆಯ ಹೂಮಳೆ, ಬಿತ್ತೆಂದರೆ ಎಂಟೊಂಬತ್ತು ದಿನಕ್ಕೆ ಪಕ್ಕದ ತೋಟದ ಕಾಫಿ ಹೂವಿನ ಘಮಲು. ಸಾರಿನ ಒಗ್ಗರಣೆಯ ವಾಸನೆಯೂ ಅದರ ಮುಂದೆ ಏಳುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಇಷ್ಟ ನವರಂಗ. ಮರದ ಮೇಲಲ್ಲ, ನೆಲದಲ್ಲಿ ದರಗಿನೊಳಗೆ, ಅಂದರೆ ಉದುರಿದ ಒಣ ಎಲೆಯೊಳಗೆ, ಓಡಾಡುವ ಹಕ್ಕಿ. ಎರಡು ಹೆಜ್ಜೆ ಕುಪ್ಪಳಿಸಿ ನಿಲ್ಲುತ್ತದೆ, ಕೊಕ್ಕಿನಿಂದ ಒಂದೆಲೆ ಮಗುಚುತ್ತದೆ, ಅಡಿಯ ಹುಳ ಹೆಕ್ಕಿಕೊಂಡು ಮೊಂಡು ಬಾಲ ಅಲ್ಲಾಡಿಸುತ್ತದೆ. ಹಸಿರು ಬೆನ್ನು, ಕಣ್ಣಿಗೆ ದಪ್ಪ ಕಾಡಿಗೆ, ಬಾಲದಡಿ ಕುಂಕುಮ ಮೆತ್ತಿದ ಹಾಗೆ ಕೆಂಪು. ಚಳಿಗಾಲಕ್ಕೆ ನಮ್ಮ ಕಡೆ ಬಂದು, ಬೇಸಿಗೆಗೆ ಮರಿ ಮಾಡಲು ಉತ್ತರಕ್ಕೆ, ಹಿಮಾಲಯದ ತಪ್ಪಲಿನವರೆಗೂ ಹೋಗುತ್ತದೆ ಎಂದು ಫಾರೆಸ್ಟ್ ಗಾರ್ಡ್ ಒಬ್ಬರು ಹೇಳಿದರು. ಅಂಗೈಯಷ್ಟು ಹಕ್ಕಿ! ಹೊರಡುವ ಮುಂಚೆ ಅದಕ್ಕೂ ಹೊಟ್ಟೆ ತುಂಬಬೇಕಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಯಾರೋ ಅಧಿಕಾರಿಗಳು ಬರುತ್ತಾರೆಂದು ಇಡೀ ಕಾಡನ್ನು ಗುಡಿಸಿದರು. ದರಗನ್ನೆಲ್ಲ ನೇರಳೆ ಮರದ ಬುಡಕ್ಕೆ ಒಟ್ಟಿ ಬೆಂಕಿ ಹಾಕಿದರು. ಮರದ ತೊಗಟೆ ಸೊಂಟದೆತ್ತರಕ್ಕೆ ಕಪ್ಪಾಯಿತು. ಹೊಗೆ ತರಗತಿಗೆ ನುಗ್ಗಿತೆಂದು ಕಿಟಕಿ ಮುಚ್ಚಿದರು. ಪರೀಕ್ಷೆಯ ಸಮಯ ನೋಡಿ, ಒಳಗೆ ನಾಲ್ಕನೇ ತರಗತಿ ಮಕ್ಕಳು ಕೆಮ್ಮುತ್ತ ಬಾಯಿಪಾಠ ಮಾಡುತ್ತಿದ್ದರು: ‘ವಸಂತ ಋತುವಿನಲ್ಲಿ ಮರಗಳು ಚಿಗುರುತ್ತವೆ, ಕೋಗಿಲೆ ಹಾಡುತ್ತದೆ.’ ಮಾರನೆಯ ದಿನದಿಂದ ನವರಂಗ ಕಾಣಲಿಲ್ಲ. ಹೋಗುವ ಕಾಲ ಬಂದು ಹೋಯಿತೋ, ನಾವೇ ಓಡಿಸಿದೆವೋ. ಬಂದ ಅಧಿಕಾರಿಗಳು ಕಾಡಿನ ಕಡೆ ತಿರುಗಿಯೂ ನೋಡಲಿಲ್ಲ, ಹಾಜರಿ ಪುಸ್ತಕ ನೋಡಿ ಹೋದರು.

ಹಾವಿನ ಭಯ ಎನ್ನುತ್ತಾರೆ. ಸುಳ್ಳಲ್ಲ, ನಾನೇ ನೋಡಿದ್ದೇನೆ. ಮಕ್ಕಳು ಓಡಾಡುವ ದಾರಿ, ಗೋಡೆಯ ಸುತ್ತ ನಾಲ್ಕು ಮಾರು ಗುಡಿಸಲಿ, ಬೇಡ ಎಂದವರು ಯಾರು? ಗುಡಿಸಿದ್ದನ್ನು ಗುಂಡಿಗೆ ಹಾಕಿದರೆ ಮುಂದಿನ ಮಳೆಗಾಲಕ್ಕೆ ಗೊಬ್ಬರ. ಮಲೆನಾಡಿನಲ್ಲಿ ಕೊಟ್ಟಿಗೆಗೆ ಹಾಸಲು ದರಗು ಹುಡುಕಿಕೊಂಡು ಹೋಗುವ ಜನ ನಾವು. ಅದಕ್ಕೆ ಕಡ್ಡಿ ಗೀರುವ ಬುದ್ಧಿ ಯಾವಾಗ ಬಂತೋ.

ಪ್ರತಿ ಜುಲೈನಲ್ಲಿ ಶಾಲೆಯಲ್ಲಿ ವನಮಹೋತ್ಸವ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ ಇದನ್ನು ಶುರು ಮಾಡಿದರು ಎಂದು ಒಬ್ಬ ಹುಡುಗ ಭಾಷಣ ಒಪ್ಪಿಸುತ್ತಾನೆ. ಒಂದು ಸಸಿ ನೆಡಲು ಎಂಟು ಕೈ, ಒಂದು ಫೋಟೊ. ಆ ಮಳೆಯಲ್ಲಿ ಮಕ್ಕಳಿಗೆ ಕಾಣುವುದು ಇಂಬಳ (ಜಿಗಣೆ) ಮಾತ್ರ. ಅದೇ ಮಕ್ಕಳನ್ನು ಮಾರ್ಚಿನಲ್ಲಿ ಒಂದು ದಿನ, ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ ಬೂರುಗದ ಕೆಳಗೆ ಕರೆದುಕೊಂಡು ಹೋದರೆ ಯಾವ ಪರೀಕ್ಷೆ ಕೆಡುತ್ತದೆ? ಶಿಕ್ಷಣ ಇಲಾಖೆ ಏನೇನಕ್ಕೋ ಸುತ್ತೋಲೆ ಕಳಿಸುತ್ತದೆ. ಶಾಲೆಯಲ್ಲಿ ದರಗು ಸುಡಬಾರದು ಎಂದು ಒಂದು ಸಾಲಿನ ಸುತ್ತೋಲೆ ಕಳಿಸಲಿ.

ನಮ್ಮ ಮೇಷ್ಟ್ರು ಒಳ್ಳೆಯವರು, ಅವರಿಗೆ ಬೇಜಾರಾಗುವುದು ಬೇಡ. ನನ್ನ ಹೆಸರು, ಊರಿನ ಹೆಸರು ಹಾಕಬೇಡಿ. ಈ ಸಲ ನವರಂಗ ಇನ್ನೂ ಇದೆ, ಇವತ್ತು ಬೆಳಗ್ಗೆಯೂ ನೋಡಿದೆ. ನಿನ್ನೆ ಸಂಜೆ ಆರು ಹೊಸ ಕಡ್ಡಿಪೊರಕೆ ತಂದು ಅಡುಗೆ ಕೋಣೆಯ ಗೋಡೆಗೆ ಒರಗಿಸಿದ್ದಾರೆ. ಆದಷ್ಟು ಬೇಗ ಪ್ರಕಟಿಸಿ.

– ಬಿಸಿಯೂಟದ ಅಡುಗೆಯವಳು, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ