ಕ್ಯಾಲ್ಕುಲೇಟರ್ ಚಿಪ್ಪಿನಲ್ಲಿ ಹುಟ್ಟಿದ ಆಟಗಳು

ಕೈಯಲ್ಲಿ ಹಿಡಿದು ಆಡುವ ಎಲೆಕ್ಟ್ರಾನಿಕ್ ಆಟ ಎಂದೊಡನೆ ನಮ್ಮಲ್ಲಿ ಅನೇಕರಿಗೆ 1989ರ ಗೇಮ್ ಬಾಯ್ ನೆನಪಾಗುತ್ತದೆ. ಆದರೆ ಅದಕ್ಕೂ ಹದಿಮೂರು ವರ್ಷ ಮೊದಲೇ, 1976ರಲ್ಲಿ, ಅಮೆರಿಕದ ಮ್ಯಾಟೆಲ್ ಕಂಪನಿಯು ಆಟೋ ರೇಸ್ ಎಂಬ ಆಟಿಕೆಯನ್ನು ಮಾರುಕಟ್ಟೆಗೆ ತಂದಿತ್ತು. ಕ್ಯಾಲ್ಕುಲೇಟರಿನಲ್ಲಿ ಅಂಕಿ ಮೂಡಿಸುವ ಕೆಂಪು ಗೆರೆಗಳನ್ನೇ ಓಡುವ ಕಾರುಗಳನ್ನಾಗಿ ತೋರಿಸಬಹುದೆಂದು ಅಲ್ಲಿನ ಜಾರ್ಜ್ ಕ್ಲೋಸ್ ಯೋಚಿಸಿದರು. ಕ್ಯಾಲ್ಕುಲೇಟರ್ ಚಿಪ್ ತಯಾರಿಸುತ್ತಿದ್ದ ರಾಕ್‌ವೆಲ್ ಸಂಸ್ಥೆಯ ಮಾರ್ಕ್ ಲೆಸರ್ ಆ ಯೋಚನೆಯನ್ನು ಕೇವಲ 512 ಬೈಟ್‌ಗಳ ಪ್ರೋಗ್ರಾಮಿನಲ್ಲಿ ಸಾಧಿಸಿದರು. ಯೂನಿಕೋಡ್‌ನ ಸಾಮಾನ್ಯ ಬಳಕೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ತಗಲುವುದರಿಂದ, ಇದೇ ಪ್ಯಾರಾದ ಒಂದೆರಡು ವಾಕ್ಯ ಬರೆಯುವಷ್ಟರಲ್ಲಿ ಅಷ್ಟೂ ಜಾಗ ಮುಗಿದುಹೋಗುತ್ತದೆ. ಅಷ್ಟರಲ್ಲೇ ಮೂರು ಲೇನ್, ನಾಲ್ಕು ಗೇರ್, 99 ಸೆಕೆಂಡಿನ ಗಡುವು, ಜೊತೆಗೆ ಸದ್ದು, ಎಲ್ಲವನ್ನೂ ಅಡಕಗೊಳಿಸಿದ ಲೆಸರ್ ಅವರ ಹೆಸರು ಇಂದಿಗೂ ಹೆಚ್ಚು ಜನರಿಗೆ ತಿಳಿಯದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮುಂದಿನ ವರ್ಷ ಮ್ಯಾಟೆಲ್‌ನ ಫುಟ್‌ಬಾಲ್ ಬಂತು, 1978ರಲ್ಲಿ ಮರ್ಲಿನ್ ಮತ್ತು ಸೈಮನ್ ಎಂಬ ಆಟಿಕೆಗಳು ಬಂದವು. 1979ರ ಮೈಕ್ರೋವಿಷನ್ 16×16 ಚುಕ್ಕಿಗಳ ಪರದೆಯೊಂದಿಗೆ, ಕಾರ್ಟ್ರಿಜ್ ಬದಲಿಸಿ ಬೇರೆ ಬೇರೆ ಆಟ ಆಡುವ ಸೌಲಭ್ಯವನ್ನು ತಂದಿತು.

ಆದರೂ ಈ ಪರಂಪರೆಗೆ ಒಂದು ತತ್ತ್ವವನ್ನು ಕೊಟ್ಟವರು ಜಪಾನಿನ ನಿಂಟೆಂಡೋ ಕಂಪನಿಯ ಗುನ್‌ಪೇ ಯೊಕೋಯಿ. ಬುಲೆಟ್ ರೈಲಿನಲ್ಲಿ ಪ್ರಯಾಣಿಕನೊಬ್ಬ ಹೊತ್ತು ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತಿದ್ದುದನ್ನು ಕಂಡು ಅವರಿಗೆ ಗೇಮ್ ಅಂಡ್ ವಾಚ್ ಎಂಬ ಪುಟ್ಟ ಕೈಯಾಟಗಳ ಸರಣಿಯ ಕಲ್ಪನೆ ಹೊಳೆಯಿತೆಂಬುದು ಪ್ರಸಿದ್ಧ ಕಥೆ. ಹಳತಾಗಿ, ಪಳಗಿ, ಅಗ್ಗವಾದ ತಂತ್ರಜ್ಞಾನವನ್ನು ಯಾರೂ ನಿರೀಕ್ಷಿಸದ ಕಡೆ ಬಳಸಬೇಕೆಂಬುದು ಅವರ ನಂಬಿಕೆಯಾಗಿತ್ತು. ಕ್ಯಾಲ್ಕುಲೇಟರ್ ಕಂಪನಿಗಳ ಪೈಪೋಟಿಯಿಂದ ಎಲ್‌ಸಿಡಿ ಪರದೆಗಳ ಬೆಲೆ ಕುಸಿದಿದ್ದ ಕಾಲವದು. ಶಾರ್ಪ್ ಕಂಪನಿಯ ಪರದೆಯೊಂದಿಗೆ ಮೊದಲ ಆಟವಾದ ಬಾಲ್ 1980ರಲ್ಲಿ ಹೊರಬಂತು. ಆ ಸಾಧನವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ಚೆಂಡು ಹೋಗಬಹುದಾದ ಎಲ್ಲ ಸ್ಥಾನಗಳೂ, ಆಟಗಾರನ ಕೈಗಳ ಎಲ್ಲ ಭಂಗಿಗಳೂ ಒಟ್ಟಿಗೇ ಮಸುಕಾಗಿ ಕಾಣುತ್ತವೆ. ಅಲ್ಲಿ ಚಿತ್ರ ಚಲಿಸುವುದೇ ಇಲ್ಲ. ಮೊದಲೇ ಅಚ್ಚಾದ ಆಕೃತಿಗಳು ಸರದಿಯಂತೆ ಕಪ್ಪಾಗುತ್ತವೆ, ಚಲನೆಯನ್ನು ನಮ್ಮ ಕಣ್ಣೇ ಕಟ್ಟಿಕೊಳ್ಳುತ್ತದೆ. 1982ರ ಡಾಂಕಿ ಕಾಂಗ್ ಆವೃತ್ತಿಗೆಂದು ಯೊಕೋಯಿ ರೂಪಿಸಿದ ಕೂಡುಗುರುತಿನ ಆಕಾರದ ಗುಂಡಿಯ ವಿನ್ಯಾಸವಂತೂ ಇಂದಿನ ಕಂಟ್ರೋಲರ್‌ಗಳಲ್ಲೂ ಉಳಿದಿದೆ.

1990ರ ದಶಕದಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ತೂಗುಹಾಕಿರುತ್ತಿದ್ದ, ಮೈಮೇಲೆ 9999 ಆಟಗಳೆಂದು ಬರೆದುಕೊಂಡಿದ್ದ ಬ್ರಿಕ್ ಗೇಮ್ ಕೂಡ ಇಂಥದೇ ಅಗ್ಗದ ಎಲ್‌ಸಿಡಿಯ ಫಲ. ಹತ್ತು ಕಾಲಂ, ಇಪ್ಪತ್ತು ಸಾಲುಗಳ ಚೌಕಗಳಲ್ಲೇ ಇಟ್ಟಿಗೆಯೂ ಬೀಳುತ್ತಿತ್ತು, ಕಾರೂ ಓಡುತ್ತಿತ್ತು. ನಮ್ಮ ಸದಸ್ಯರಲ್ಲಿ ಹಲವರು ಅದನ್ನು ಆಡಿ ಬೆಳೆದವರೇ.

ಅಂಥ ಸಾಧನ ನಿಮ್ಮ ಮನೆಯಲ್ಲಿ, ಇಲ್ಲವೇ ಊರಿನ ಅಟ್ಟದ ಮೇಲೆ ಇನ್ನೂ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ. ಮೊದಲು ಅದರ ಬ್ಯಾಟರಿಯನ್ನು ಹೊರತೆಗೆಯಿರಿ, ಏಕೆಂದರೆ ಸೋರಿದ ಬ್ಯಾಟರಿಯ ರಾಸಾಯನಿಕವು ಲೋಹದ ಸಂಪರ್ಕಗಳನ್ನು ತಿಂದುಹಾಕುತ್ತದೆ. ಬಿಸಿಲು ಮತ್ತು ತೇವ ತಗಲದ ಕಡೆ ಇಟ್ಟು, ಒಂದು ಫೋಟೋವನ್ನೂ ಅದನ್ನು ಕೊಂಡ ಊರು, ವರ್ಷದ ವಿವರವನ್ನೂ ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.